ಷರಾ ಇಲ್ಲದ ಪರದೆ

ದೆಸ್ಸಿ
ತಾಹ್ಸಾಸ್ ೨೮, ೨೦೦೬

ಮಾನ್ಯ ಆತೊ ಜೆನೆಬೆ ಅದ್ಮಾಸು ಅವರಿಗೆ,

ಇದೇ ತಿಂಗಳ ಹದಿನಾಲ್ಕರಂದು ತಮಗೆ ಬರೆದ ಪತ್ರದಲ್ಲಿ ಎರಡು ತಪ್ಪುಗಳು ನುಸುಳಿವೆ, ಕ್ಷಮೆ ಕೋರುತ್ತೇನೆ. ತಪ್ಪು ದಿನಾಂಕದ ಚೀಟಿ ಪಡೆದ ರೋಗಿಗಳು ಹದಿನಾಲ್ಕು ಮಂದಿ ಎಂದಿದ್ದೆ, ಹದಿನೇಳು ಮಂದಿ. ತಪ್ಪೆಸಗಿದ್ದು ತಮ್ಮ ಕಚೇರಿಯವರು ಕಳುಹಿಸಿದ ಹೊಸ ಪರದೆ ಎಂದೂ ಬರೆದಿದ್ದೆ. ಬೆರಳು ನನ್ನದು.

ನಡೆದದ್ದನ್ನು ಕ್ರಮವಾಗಿ ತಿಳಿಸುತ್ತೇನೆ. ಕಳೆದ ತಿಂಗಳು, ಹಿದಾರ್ ಹನ್ನೊಂದರಂದು ನಮ್ಮ ಕಾರ್ಡು ಕೋಣೆಯಿಂದ ಹಳೆಯ ಕಂಪ್ಯೂಟರನ್ನು ಒಯ್ದು, ಹೊಸದನ್ನು ಇಟ್ಟರು. ಕಪ್ಪು ಹಿನ್ನೆಲೆಯ ಹಸಿರು ಅಕ್ಷರಗಳು ಹೋಗಿ ಬಿಳಿಯ ಪರದೆಯೂ ಬಣ್ಣದ ಗುಂಡಿಗಳೂ ಬಂದವು. ಮರುಭೇಟಿಯ ದಿನಾಂಕ ಎಂಬಲ್ಲಿ ನಾನು ಎಂದಿನಂತೆ ಕೀಲಿಮಣೆಯನ್ನು ನೋಡದೆಯೇ ಒತ್ತಿದೆ: ಹನ್ನೊಂದು, ನಾಲ್ಕು. ಎಂದರೆ ತಾಹ್ಸಾಸ್ ಹನ್ನೊಂದು. ನಮ್ಮ ನಾಲ್ಕನೆಯ ತಿಂಗಳು. ಹೊಸ ಪರದೆಯಾದರೋ ಅದನ್ನು ಹೊರದೇಶದವರ ನಾಲ್ಕನೆಯ ತಿಂಗಳೆಂದು ತಿಳಿದು, ಮತ್ತೆ ನಮ್ಮ ಪಂಚಾಂಗಕ್ಕೆ ತಿರುಗಿಸಿ, ಚೀಟಿಯಲ್ಲಿ ನಮ್ಮ ಎಂಟನೆಯ ತಿಂಗಳಾದ ಮಿಯಾಝ್ಯಾದ ಮೂರು ಎಂದು ಮುದ್ರಿಸಿತು. ಒಂದು ತಿಂಗಳಿಗೆ ಬರಬೇಕಾದವರಿಗೆ ಸುಮಾರು ಐದು ತಿಂಗಳ ಅವಧಿ ಸಿಕ್ಕಿತು. ಇಪ್ಪತ್ತು ವರ್ಷ ಚೀಟಿಯನ್ನು ಓದಿ ನೋಡುವ ಅಗತ್ಯ ನನಗೆ ಬಿದ್ದಿರಲಿಲ್ಲ, ಅಂದೂ ಓದಲಿಲ್ಲ. ಎರಡು ದಿನ ಹೀಗೆ ನಡೆಯಿತು. ಮೂರನೆಯ ದಿನ ತರಬೇತಿಯವರು ಬಂದು, ದಿನಾಂಕವನ್ನು ಒತ್ತಬಾರದು, ಚಿತ್ರದಿಂದ ಆರಿಸಬೇಕು ಎಂದು ಕಲಿಸಿದರು. ಹಿಂದಿನ ಎರಡು ದಿನಗಳ ವಿಚಾರ ಅವರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ತಾಹ್ಸಾಸ್ ಹನ್ನೊಂದರ ಬೆಳಿಗ್ಗೆ ಮೂರ್ಛೆರೋಗ ವಿಭಾಗದ ಬೆಂಚು ಖಾಲಿಯಿದ್ದುದನ್ನು ಕಂಡಾಗಲೇ ನಾನು ಆ ಎರಡು ದಿನಗಳ ದಾಖಲೆ ತೆರೆದು ನೋಡಿದ್ದು.

ಹದಿನೇಳರಲ್ಲಿ ಹನ್ನೆರಡು ಮಂದಿಯನ್ನು ನೆನಪಿನ ಬಲದಿಂದ ಹುಡುಕಿ ಕರೆತಂದಿದ್ದೇವೆ. ಐವರು ಉಳಿದಿದ್ದಾರೆ. ಅವರ ಪೈಕಿ ಬಿರ್ತುಕಾನ್ ಅಸ್ರೆಸ್ ಎಂಬ ಹತ್ತೊಂಬತ್ತು ವರ್ಷದ ಹುಡುಗಿಯ ಚಿಂತೆ ನನಗೆ ಹೆಚ್ಚು. ಅವಳಿಗೆ ಮೂರ್ಛೆರೋಗ, ಜೀವನಕ್ಕಾಗಿ ಇಂಜೆರಾ ರೊಟ್ಟಿ ಹುಯ್ದು ಮಾರುತ್ತಾಳೆ, ದಿನವಿಡೀ ಕಾವಲಿಯ ಮುಂದಿರುತ್ತಾಳೆ. ಅವಳಿಗೆ ಕೊಟ್ಟ ಗುಳಿಗೆ ಒಂದು ತಿಂಗಳದ್ದು. ಹೊಸ ಪರದೆಯಲ್ಲಿ ಅವಳ ವಿಳಾಸ ‘ದೆಸ್ಸಿ, ಕೆಬೆಲೆ ೦೯’ ಎಂದಷ್ಟೇ ಇದೆ. ಕೆಬೆಲೆ ಒಂಬತ್ತರಲ್ಲಿ ಸಾವಿರಾರು ಮನೆಗಳಿವೆ. ಅವಳು ಮನೆ ಬದಲಾಯಿಸಿದಾಗ ಗುರುತನ್ನು ನಾನೇ ಹಳೆಯ ಪರದೆಯ ಷರಾ ಸಾಲಿನಲ್ಲಿ ಬರೆದಿದ್ದೆ. ಬರೆದಿಟ್ಟೆನೆಂಬ ಧೈರ್ಯದಿಂದಲೇ ಮರೆತೆ. ಹೊಸತರಲ್ಲಿ ಷರಾ ಸಾಲೇ ಇಲ್ಲ.

ಆ ಹಳೆಯ ಯಂತ್ರ ಈಗ ಅಡಿಸ್ ಅಬಾಬಾದಲ್ಲಿ, ತಮ್ಮ ಕಚೇರಿಯಲ್ಲಿದೆ ಎಂದು ಕೇಳಿದೆ. ಆ ಐವರ ಷರಾಗಳನ್ನು ತೆರೆದು ನೋಡುವ ಕೃಪೆ ಮಾಡಬೇಕು. ಅದರ ಕೀಲಿಗಳನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆ ಪ್ರೋಗ್ರಾಂ ಬರೆದವರು ತಾವೇ, ನನ್ನ ಮೇಜಿನ ಪಕ್ಕದಲ್ಲಿ ಕುಳಿತು.

ಈ ಪತ್ರವನ್ನು ರಕ್ತದ ಮಾದರಿ ಒಯ್ಯುವ ಗಾಡಿಯ ಚಾಲಕ ಮುಲುಗೇತಾನ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಕಚೇರಿಯ ಇ-ಮೇಲಿಗೆ ಎರಡು ಬಾರಿ ಬರೆದೆ. ‘ನಿಮ್ಮ ಸಲಹೆಗೆ ಧನ್ಯವಾದ’ ಎಂಬ ಉತ್ತರ ಎರಡು ಬಾರಿಯೂ ಅದೇ ಕ್ಷಣದಲ್ಲಿ ಬಂತು. ಓದದೆ ಬಂದ ಉತ್ತರವದು.

ವಿಧೇಯ,
ಅಸ್ಕಾಲೆ ವೊರ್ಕು
ಕಾರ್ಡು ಕೋಣೆಯ ಮುಖ್ಯಸ್ಥೆ


ಅಡಿಸ್ ಅಬಾಬಾ
ತಿರ್ ೩, ೨೦೦೬

ಮಾನ್ಯ ಅಸ್ಕಾಲೆ ಅವರಿಗೆ,

ನಿಮ್ಮ ಎರಡೂ ಪತ್ರಗಳು ತಲುಪಿವೆ. ಆದ ತೊಂದರೆಗೆ ಕಚೇರಿ ವಿಷಾದಿಸುತ್ತದೆ. ದಿನಾಂಕದ ಪೆಟ್ಟಿಗೆಯಲ್ಲಿ ಇನ್ನು ಮುಂದೆ ಅಂಕಿಗಳನ್ನು ನೇರವಾಗಿ ಒತ್ತಲು ಆಗದಂತೆ ತಿದ್ದುಪಡಿ ಮಾಡಲಾಗಿದೆ.

ಷರಾ ಸಾಲನ್ನು ಕೈಬಿಡುವ ನಿರ್ಣಯ ಸಮಿತಿಯದು. ನಮ್ಮ ಸಂಸ್ಥೆಯ ಒಂಬತ್ತು ಆಸ್ಪತ್ರೆಗಳ ಷರಾಗಳನ್ನು ಸಮಿತಿ ಪರಿಶೀಲಿಸಿತು. ರೋಗಿಗಳ ಗಂಡಂದಿರ ಕುಡಿತ, ಅತ್ತೆಯ ಸ್ವಭಾವ, ಮತಾಂತರ, ಮನೆಬಿಟ್ಟು ಹೋದ ಸಂಗತಿ ಎಲ್ಲವೂ ಅಲ್ಲಿದ್ದವು. ಯಾರೋ ಒಬ್ಬರ ಕಣ್ಣಿಗೆ ಬಿದ್ದರೆ ಆ ರೋಗಿಯ ಗತಿಯೇನು? ಇದನ್ನು ನೀವೂ ಒಪ್ಪುವಿರಿ. ಹಳೆಯ ಪರದೆಯನ್ನು ಕಲಿಯಲು ಹೊಸ ದಾದಿಗೆ ಆರು ತಿಂಗಳು ಬೇಕಾಗುತ್ತಿತ್ತು. ಹೊಸದನ್ನು ಅರ್ಧ ದಿನದಲ್ಲಿ ಕಲಿಯುತ್ತಾರೆ. ಹಳೆಯದನ್ನು ನಾನು ನಿಮ್ಮೊಬ್ಬರ ಕೈಗೆ ಹೊಂದುವಂತೆ ಬರೆದಿದ್ದೆ. ಅದು ಅದರ ಗುಣವೆಂದು ಅಂದು ತಿಳಿದಿದ್ದೆ. ಅದೇ ಅದರ ದೋಷವೆಂದು ಸಮಿತಿ ಹೇಳಿತು, ನಿರ್ಣಯಕ್ಕೆ ನಾನೂ ಸಹಿ ಹಾಕಿದೆ.

ಹಳೆಯ ಯಂತ್ರಗಳನ್ನು ಮುದ್ರೆ ಹಾಕಿ ಇರಿಸಲಾಗಿದೆ. ಮುಂದಿನ ತಿಂಗಳು, ಯೆಕಾತಿತ್ ಒಂದರಂದು, ಅವುಗಳಲ್ಲಿರುವುದನ್ನೆಲ್ಲ ಅಳಿಸಲಾಗುವುದು. ಅಲ್ಲಿಯವರೆಗೆ ತೆರೆಯಲು ನನಗೆ ಅಧಿಕಾರವಿಲ್ಲ. ಆ ಐವರನ್ನು ಕೆಬೆಲೆ ಕಚೇರಿಯ ಮೂಲಕ ಹುಡುಕಿಸಬಹುದೆಂದು ಸೂಚಿಸುತ್ತೇನೆ.

ಇತಿ,
ಜೆನೆಬೆ ಅದ್ಮಾಸು

ಕಚೇರಿಗೆ ಸಂಬಂಧಿಸದ ಒಂದು ಮಾತು: ಈ ತಿಂಗಳ ಹನ್ನೊಂದಕ್ಕೆ, ತಿಮ್ಕತ್ ಹಬ್ಬದ ದಿನ, ನಾನು ದೆಸ್ಸಿ ಬಿಟ್ಟು ಹತ್ತೊಂಬತ್ತು ವರ್ಷ ತುಂಬುತ್ತದೆ. ಬಸ್ ನಿಲ್ದಾಣಕ್ಕೆ ಬರುವುದಾಗಿ ಹೇಳಿದ್ದಿರಿ. ಮೆರವಣಿಗೆಯ ಗದ್ದಲದಲ್ಲಿ ಬರಲಾಗಿರಲಿಕ್ಕಿಲ್ಲ. ಆಕ್ಷೇಪಿಸಿ ಬರೆಯುತ್ತಿಲ್ಲ.


ದೆಸ್ಸಿ
ತಿರ್ ೧೬, ೨೦೦೬

ಮಾನ್ಯ ಆತೊ ಜೆನೆಬೆ ಅವರಿಗೆ,

ತಾವು ಹೊಸ ಪರದೆಯ ಪರವಾಗಿ ಬರೆದುದರಲ್ಲಿ ಸತ್ಯವಿದೆ. ನಮ್ಮ ಹೊಸ ದಾದಿ ಮೆಸೆರೆತ್‌ಳ ಮಾತನ್ನು ಹಾಗೆಯೇ ಬರೆಯುತ್ತೇನೆ.

“ಅಸ್ಕಾಲೆಯಕ್ಕಾ, ನಿಮ್ಮ ಹಳೇ ಪೆಟ್ಟಿಗೇಲಿ ಒಂದು ಹೆಸರು ಹುಡುಕ್ಬೇಕಂದ್ರೆ ಏಳನೇ ಕೀಲಿ, ಆಮೇಲೆ ಎರಡು ಸಲ ಎಂಟರ್, ಆಮೇಲೆ ಉಸಿರು ಬಿಗಿಹಿಡಿ. ಅದನ್ನ ಕಲಿಯೋದ್ರೊಳಗೆ ನಂಗೆ ಮದ್ವೆಯಾಗಿ ಮೂರು ಮಕ್ಕಳಾಗ್ತಿದ್ವು.”

“ಹಾಗಿದ್ರೆ ನಿಮ್ಮಮ್ಮ ಹಳೇದನ್ನೇ ಇಡ್ಸಿ ಅಂತ ಅರ್ಜಿ ಹಾಕ್ತಿದ್ದಳು” ಎಂದೆ.

ಅವಳು ನಕ್ಕಳು. ಮಧ್ಯಾಹ್ನದ ಹೊತ್ತಿಗೆ ನಾನು ಹನ್ನೆರಡು ಕಾರ್ಡು ಮುಗಿಸಿದ್ದೆ, ಅವಳು ಮೂವತ್ತು. ಹಿಂದೆ ಇದು ತಿರುಗುಮುರುಗಾಗಿರುತ್ತಿತ್ತು. ಗುಂಡಿಗಳ ಮೇಲಿನ ಚಿತ್ರಗಳು ನನಗೆ ತಿಳಿಯುವುದಿಲ್ಲ. ಒಂದು ಲಕೋಟೆ, ಒಂದು ಹಲ್ಲಿನ ಚಕ್ರ, ಮೂರು ಗೆರೆ. ಯಾವುದರ ಹಿಂದೆ ಏನಿದೆಯೆಂದು ಒತ್ತಿದ ಮೇಲೆಯೇ ಗೊತ್ತಾಗಬೇಕು. ಐವತ್ತೆಂಟರ ಪ್ರಾಯದಲ್ಲಿ ಪರರ ಮನೆಯ ಅಡುಗೆಕೋಣೆಯಲ್ಲಿ ಉಪ್ಪು ಹುಡುಕುವಂತೆ ಹುಡುಕುತ್ತೇನೆ. ನನ್ನ ಬೆರಳುಗಳು ಮಾತ್ರ ಇನ್ನೂ ಹಳೆಯ ಮನೆಯಲ್ಲಿಯೇ ನಡೆದಾಡುತ್ತಿವೆ. ಅವುಗಳಿಗೆ ಯಾರೂ ಪತ್ರ ಬರೆದು ತಿಳಿಸಿಲ್ಲ.

ಇದು ನನ್ನ ದೂರಲ್ಲ. ಒಂಬತ್ತು ಆಸ್ಪತ್ರೆಗಳ ದಾದಿಯರಿಗೆ ಹಗುರಾದರೆ ನಾನೊಬ್ಬಳು ನಿಧಾನವಾಗಬಲ್ಲೆ. ಆದರೆ ಐವರ ವಿಷಯ ಬೇರೆ.

ಸೋಮವಾರದ ಸಂತೆಯಲ್ಲಿ ಸಯೀದ್ ಯಿಮಾಮ್ ಎಂಬ ವೃದ್ಧರು ಆಕಸ್ಮಿಕವಾಗಿ ಸಿಕ್ಕಿದರು, ಐವರಲ್ಲಿ ಒಬ್ಬರು. ಹುರಿಹಗ್ಗ ಮಾರುತ್ತ ಕುಳಿತಿದ್ದರು.

“ಗಾಶೆ ಸಯೀದ್, ಆಸ್ಪತ್ರೆಗೆ ಯಾಕೆ ಬರ್ಲಿಲ್ಲ?”

“ನನ್ನ ದಿನ ಇನ್ನೂ ಬಂದಿಲ್ವಲ್ಲಮ್ಮಾ” ಎನ್ನುತ್ತ ಪೇಟದ ಮಡಿಕೆಯಿಂದ ಚೀಟಿ ತೆಗೆದರು. “ನೀನೇ ಕೊಟ್ಟಿದ್ದು. ಮಗ ಅಂದ, ಅಪ್ಪಾ ಇದು ಬಹಳ ದೂರ ಆಯ್ತು, ಕೇಳ್ಕೊಂಡು ಬಾ ಅಂತ. ಮುಚ್ಚೋ ಬಾಯಿ ಅಂದೆ. ಡಾಕ್ಟ್ರು ತಪ್ಪಬಹುದು, ಅಸ್ಕಾಲೆ ತಪ್ಪಲ್ಲ ಅಂದೆ.”

“ಗುಳಿಗೆ?”

“ದಿನ ದೂರ ಇತ್ತು, ಗುಳಿಗೆ ಕಮ್ಮಿ ಇತ್ತು. ಅರ್ಧರ್ಧ ಮಾಡ್ಕೊಂಡೆ. ಆಮೇಲೆ ಕಾಲುಕಾಲು. ನೋಡು, ಇನ್ನೂ ಉಳಿದಿದೆ!”

ಜಾಣತನ ಮೆಚ್ಚಬೇಕೆಂಬಂತೆ ನನ್ನ ಮುಖ ನೋಡಿದರು. ನಾನು ತಪ್ಪು ಒಪ್ಪಿಕೊಂಡೆ. ಅವರು ನಂಬಲಿಲ್ಲ. ಆಸ್ಪತ್ರೆಯ ದೊಡ್ಡವರು ಯಾರೋ ತಪ್ಪು ಮಾಡಿ ನನ್ನ ತಲೆಗೆ ಕಟ್ಟಿದ್ದಾರೆಂದು ಸಂತೆಯಲ್ಲೆಲ್ಲ ಹೇಳಿಕೊಂಡು ಬಂದರಂತೆ.

ನಾಲ್ವರು ಉಳಿದರು. ಬಿರ್ತುಕಾನ್‌ಳನ್ನು ಕೆಬೆಲೆಯ ಮೂಲಕ ಹುಡುಕಿಸುವಂತಿಲ್ಲ. ಇಂಜೆರಾ ಹುಯ್ಯುವವಳಿಗೆ ಮೂರ್ಛೆ ಬರುತ್ತದೆಂದು ಬೀದಿಗೆ ತಿಳಿದರೆ ಅವಳ ಕೈಯ ಇಂಜೆರಾ ಯಾರೂ ಕೊಳ್ಳುವುದಿಲ್ಲ. ಅವಳ ಗುಟ್ಟು ಕಾಯುವುದಕ್ಕಾಗಿ ಸಮಿತಿ ಷರಾ ತೆಗೆದುಹಾಕಿತು ಎಂದಿರಿ. ಆ ಗುಟ್ಟನ್ನು ಬಯಲು ಮಾಡದೆ ಅವಳನ್ನು ಮುಟ್ಟುವ ದಾರಿ ಇದ್ದದ್ದೂ ಅದೇ ಸಾಲಿನಲ್ಲಿ.

ವಿಧೇಯ,
ಅಸ್ಕಾಲೆ ವೊರ್ಕು


ದೆಸ್ಸಿ
ತಿರ್ ೨೪, ೨೦೦೬

ಮಾನ್ಯರೇ,

ಮುಲುಗೇತಾ ಈ ವಾರ ಬರಿಗೈಯಲ್ಲಿ ಬಂದ. “ಏನಾದ್ರೂ ಕೊಟ್ರಾ?” ಎಂದರೆ, “ತಲೆ ಎತ್ತಿ ನೋಡಿದ್ರು, ತಲೆ ತಗ್ಗಿಸಿದ್ರು. ಅದನ್ನ ಯಾವ ಡಬ್ಬೀಲಿ ಹಾಕ್ಕೊಂಡು ಬರ್ಲಿ?” ಎಂದ.

ಭಾನುವಾರಗಳಂದು ಕೆಬೆಲೆ ಒಂಬತ್ತರಲ್ಲಿ ನಡೆಯುತ್ತೇನೆ. ಇಂಜೆರಾ ಕೊಳ್ಳುವ ನೆಪದಲ್ಲಿ ಬಾಗಿಲು ಬಾಗಿಲಿಗೆ ಹೋಗುತ್ತೇನೆ. ಹೊಗೆ ಕಂಡಲ್ಲೆಲ್ಲ ಇಣುಕುತ್ತೇನೆ. ಒಬ್ಬಳೇ ತಿನ್ನುವವಳ ಮನೆಯಲ್ಲಿ ಈಗ ಹದಿನೆಂಟು ಇಂಜೆರಾಗಳಿವೆ. ಮನೆಗೆ ಬಂದು ಕಾಫಿ ಹುರಿದು ಕುದಿಸುತ್ತೇನೆ. ಮೊದಲ ಸುತ್ತು ಕುಡಿಯುತ್ತೇನೆ; ಎರಡನೆಯದನ್ನೂ ಕುಡಿಯುತ್ತೇನೆ. ಆಶೀರ್ವಾದದ್ದೆನ್ನುವ ಮೂರನೆಯ ಸುತ್ತಿಗೆ ಎದುರಿಗೊಬ್ಬರು ಬೇಕು. ಅದನ್ನು ಬಟ್ಟಲಿಗೆ ಹುಯ್ದು, ಆರಿದ ಮೇಲೆ ಗಿಡಕ್ಕೆ ಹಾಕುತ್ತೇನೆ. ಇದು ಹೊಸ ಅಭ್ಯಾಸವಲ್ಲ.

ಯೆಕಾತಿತ್ ಒಂದಕ್ಕೆ ಇನ್ನು ಏಳು ದಿನ.

ಅಸ್ಕಾಲೆ


ಅಡಿಸ್ ಅಬಾಬಾ
ತಿರ್ ೩೦, ೨೦೦೬

ಅಸ್ಕಾಲೆ,

ಇದನ್ನು ಕಚೇರಿಯ ಕಾಗದದಲ್ಲಿ ಬರೆಯುತ್ತಿಲ್ಲ.

ಇಂದು ಊಟದ ವೇಳೆಯಲ್ಲಿ ಎಲ್ಲರೂ ಕೆಳಗಿಳಿದು ಹೋದರು. ನಾನು ಹೋಗುವುದಿಲ್ಲವೆಂದು ಅವರಿಗೆ ಗೊತ್ತು. ಕರೆಯುವುದನ್ನು ಬಿಟ್ಟು ವರ್ಷಗಳಾದವು. ಉಗ್ರಾಣಕ್ಕೆ ಹೋಗಿ ದೆಸ್ಸಿಯ ಯಂತ್ರದ ಮುದ್ರೆ ಒಡೆದೆ. ಅದಕ್ಕೆ ಕೊಡಬೇಕಾದ ಉತ್ತರವನ್ನು ನಾಳೆ ಕೊಡುತ್ತೇನೆ. ಹಸಿರು ಅಕ್ಷರಗಳು ಬಂದವು. ನನ್ನ ಬೆರಳುಗಳಿಗೆ ಎಲ್ಲವೂ ನೆನಪಿತ್ತು. ನಿಮಗೆ ನಿಜ ಹೇಳುತ್ತೇನೆ: ಹೊಸ ಪರದೆಯಲ್ಲಿ ನನ್ನದೆಂಬುದು ಸಹಿಯೊಂದೇ. ಅದನ್ನು ರಚಿಸಿದವರು ನನ್ನ ಅರ್ಧ ವಯಸ್ಸಿನವರು, ಒಳ್ಳೆಯವರು, ಬುದ್ಧಿವಂತರು. ಸಭೆಯಲ್ಲಿ ಷರಾ ಬೇಕೆಂದು ಒಮ್ಮೆ ಹೇಳಿದೆ. “ಗಾಶೆ, ಅದು ನಿಮ್ಮ ಕಾಲದ್ದು” ಎಂದು ಪ್ರೀತಿಯಿಂದಲೇ ಅಂದರು. ಎರಡನೆಯ ಸಲ ನಾನು ಹೇಳಲಿಲ್ಲ. ಅವರ ಆ ಪರದೆಯಲ್ಲಿ ನನ್ನ ರಜೆಯ ಅರ್ಜಿ ತುಂಬಲು ನನಗೂ ಬರುವುದಿಲ್ಲ, ಗುಮಾಸ್ತೆಯೊಬ್ಬಳನ್ನು ಕೇಳುತ್ತೇನೆ.

ಹಳೆಯ ಯಂತ್ರಕ್ಕೆ ಈಗಿನ ಮುದ್ರಣಯಂತ್ರ ಹೊಂದುವುದಿಲ್ಲವಾದ್ದರಿಂದ ಕೈಯಲ್ಲಿ ನಕಲು ಮಾಡಿದ್ದೇನೆ. ನಾಲ್ವರಲ್ಲಿ ಮೂವರದು ಪ್ರತ್ಯೇಕ ಹಾಳೆಯಲ್ಲಿದೆ. ಬಿರ್ತುಕಾನ್‌ಳದು ಇಲ್ಲಿ:

“ಮನೆ ಬದಲಾಗಿದೆ. ಹಳೆಯ ಹಿಟ್ಟಿನ ಗಿರಣಿಯ ಹಿಂದೆ, ನೀಲಿ ತಗಡಿನ ಬಾಗಿಲು. ಮಲತಾಯಿಗೆ ರೋಗದ ವಿಷಯ ತಿಳಿಯದು. ಆಸ್ಪತ್ರೆಯ ಹೆಸರು ಎತ್ತಬಾರದು. ಸಂಬಂಧಿ ಎಂದು ಹೇಳಿ ಕೇಳಬೇಕು. ಮೂರ್ಛೆಗೆ ಮುನ್ನ ಕಿವಿಯಲ್ಲಿ ಗಂಟೆ ಬಾರಿಸಿದಂತಾಗುತ್ತದಂತೆ.”

ಸಮಯ ಉಳಿದಿತ್ತು. ಕೈ ತಾನಾಗಿಯೇ ನನ್ನ ಹಳೆಯ ಕಾರ್ಡಿನ ಸಂಖ್ಯೆ ಒತ್ತಿತು. ಪ್ರೋಗ್ರಾಂ ಬರೆಯುವ ಕಾಲದಲ್ಲಿ ಕಿವಿನೋವೆಂದು ಬಂದಾಗ ನೀವೇ ಮಾಡಿದ ಕಾರ್ಡು. ಷರಾ ಸಾಲಿನಲ್ಲಿ ಹೀಗಿದೆ: “ಈತನನ್ನು ಜೋರಾಗಿ ಕರೆಯಬೇಕು. ಮೆಲ್ಲಗೆ ಕರೆದರೆ ಕೇಳಿಸುವುದಿಲ್ಲ.”

ನನ್ನ ಕಿವಿ ಎರಡೇ ವಾರಗಳಲ್ಲಿ ವಾಸಿಯಾಗಿತ್ತಲ್ಲ. ಇದನ್ನು ಯಾವಾಗ ಬರೆದಿರಿ? ಪ್ರತಿ ಷರಾಕ್ಕೂ ದಿನಾಂಕ ಹಾಕುವ ನೀವು ಇದೊಂದಕ್ಕೆ ಹಾಕಿಲ್ಲ.

ನಾಳೆ ಎಲ್ಲವೂ ಅಳಿದುಹೋಗುತ್ತದೆ. ಉಳಿದವನ್ನು ನಕಲು ಮಾಡಲು ಊಟದ ವೇಳೆ ಸಾಲದು.

ಜೆನೆಬೆ


ದೆಸ್ಸಿ
ಯೆಕಾತಿತ್ ೯, ೨೦೦೬

ಜೆನೆಬೆ,

ನಾಲ್ಕರಂದು ನಿನ್ನ ಪತ್ರ ಬಂತು. ಐದರ ಬೆಳಿಗ್ಗೆ ಗಿರಣಿಯ ಹಿಂದೆ ಹೋದೆ. ನೀಲಿ ಬಾಗಿಲು ಅಲ್ಲಿಯೇ ಇತ್ತು. ಮೂರು ಭಾನುವಾರ ಆ ಬೀದಿಯ ತುದಿಯವರೆಗೆ ಹೋಗಿ, ಗಿರಣಿ ಮುಚ್ಚಿದೆಯೆಂದು ಹಿಂತಿರುಗಿದ್ದೆ.

ಮಲತಾಯಿ ಬಾಗಿಲಿಗೆ ಅಡ್ಡ ನಿಂತಳು. “ನೀವ್ಯಾರು?”

“ಸಂಬಂಧಿ.”

“ಯಾವ ಕಡೆಯಿಂದ?”

“ದೂರದ ಕಡೆಯಿಂದ.”

“ದೂರದವರು ದೂರದಲ್ಲೇ ಚೆನ್ನ” ಎಂದಳು. ಆದರೂ ಒಳಗೆ ಬಿಟ್ಟಳು. ಬಿರ್ತುಕಾನ್ ಮೂಲೆಯಲ್ಲಿ ಕುಳಿತಿದ್ದಳು. ಎಡಗೈಗೆ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಮಲತಾಯಿ ನೀರಿಗೆ ಹೋದ ಮೇಲೆ ಪಿಸುಗುಟ್ಟಿದಳು:

“ಚೀಟಿ ಜೋಪಾನವಾಗಿಟ್ಟಿದ್ದೀನಿ ಅಕ್ಕಾ. ಮಿಯಾಝ್ಯಾ ನಾಲ್ಕು ತಾನೇ? ಇನ್ನೂ ಎರಡು ತಿಂಗಳಿದೆ. ಅರ್ಧರ್ಧ ತಗೊಂಡೆ, ಆದ್ರೂ ಮುಗಿದೋಯ್ತು. ಬೈಬೇಡಿ.”

“ಕೈ?”

“ಗಂಟೆ ಕೇಳಿಸ್ತು. ಏಳೋಣ ಅಂದ್ಕೊಂಡೆ. ಕಾವಲಿ ಮೇಲೇ ಬಿದ್ದೆ. ಜಾರಿಬಿದ್ದೆ ಅಂತ ಅಮ್ಮಂಗೆ ಹೇಳಿದೀನಿ.”

“ಯಾವತ್ತು?”

“ತಿಮ್ಕತ್ ಆಗಿ ಏಳು ದಿನಕ್ಕೆ.”

ಅಂದರೆ ತಿರ್ ಹದಿನೆಂಟು. ಸುಟ್ಟ ಕೈಯ ನೆಪದಲ್ಲಿ ಅವಳನ್ನು ಐದರಂದೇ ಆಸ್ಪತ್ರೆಗೆ ಕರೆತಂದೆವು. ಬೆರಳುಗಳು ಉಳಿಯುತ್ತವೆ ಎಂದಿದ್ದಾರೆ. ಕಿರುಬೆರಳು ಮಡಿಸಲು ಬರಲಿಕ್ಕಿಲ್ಲ. ಆ ದಿನಾಂಕವನ್ನು ನೀನೂ ನಿನ್ನ ಪತ್ರಗಳ ಪಕ್ಕದಲ್ಲಿಟ್ಟು ನೋಡುವೆ. ನೋಡಬೇಡ ಎನ್ನಲಾರೆ. ಆದರೆ ಮೊದಲು ನನ್ನ ಬೆರಳಿನ ಪಕ್ಕದಲ್ಲಿಟ್ಟು ನೋಡು.

ಅಳಿದುಹೋದ ಷರಾಗಳನ್ನು ನೆನಪಾದಷ್ಟು ಒಂದು ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಕೆಲಸ ಮುಗಿದೊಡನೆ ಬೀಗ ಹಾಕಿ ಇಡುತ್ತೇನೆ. ನಿನ್ನ ಸಮಿತಿಯ ಭಯವೂ ನ್ಯಾಯವಾದದ್ದೇ. ಮೆಸೆರೆತ್ ಪಕ್ಕದಲ್ಲಿ ಕುಳಿತಿರುತ್ತಾಳೆ. “ಷರಾ ಅಂದ್ರೆ ಎಷ್ಟು ಬರೀಬೇಕು ಅಕ್ಕಾ?” ಎಂದು ಕೇಳಿದಳು. ಕಳೆದುಹೋದರೆ ಹುಡುಕುವಷ್ಟು ಎಂದೆ. ಹೊಸ ಪರದೆಯ ಮೂರು ಗೆರೆಗಳ ಹಿಂದೆ ಏನಿದೆಯೆಂದು ಅವಳು ನನಗೆ ತೋರಿಸಿಕೊಟ್ಟಳು. ಅಲ್ಲಿ ಷರಾ ಇರಲಿಲ್ಲ. ಹುಡುಕಿ ನೋಡಿದ್ದೆವು ಎಂಬ ಸಮಾಧಾನ ಉಳಿಯಿತು.

ಮುದ್ರೆ ಒಡೆದದ್ದಕ್ಕೆ ನಿನಗೇನಾಯಿತೆಂದು ಮುಲುಗೇತಾನನ್ನು ಕೇಳಿದೆ. ನಿನ್ನ ಮೇಜನ್ನು ಕಿಟಕಿಯಿಲ್ಲದ ಕೋಣೆಗೆ ಸಾಗಿಸಿದ್ದಾರೆಂದ. ಬೇಸರವಾಯಿತು. ನಿನಗೆ ಕಿಟಕಿ ಬೇಕು, ನಾನು ಬಲ್ಲೆ.

ಹನ್ನೆರಡು ಮಂದಿಯ ತಿದ್ದುಪಡಿ ಕಚೇರಿಯ ನಮೂನೆಯಲ್ಲಿ ಹಿಂದೆಯೇ ಹೋಗಿದೆ. ಉಳಿದವರ ದಿನಾಂಕಗಳನ್ನು ಕೆಳಗೆ ಸರಿಪಡಿಸಿ ಬರೆದಿದ್ದೇನೆ. ಕೊನೆಯದನ್ನು ಕಚೇರಿಯ ಕಡತಕ್ಕೆ ಸೇರಿಸಬೇಕಾಗಿಲ್ಲ.

ಅಸ್ಕಾಲೆ

ಸಯೀದ್ ಯಿಮಾಮ್. ಚೀಟಿಯಲ್ಲಿ ಮಿಯಾಝ್ಯಾ ೩. ಸರಿಯಾದ ದಿನ ತಾಹ್ಸಾಸ್ ೧೧. ಬಂದದ್ದು ತಿರ್ ೧೩. ತಪ್ಪು ನನ್ನದೆಂದು ಇನ್ನೂ ಒಪ್ಪಿಲ್ಲ.

ತೊಯ್ಬಾ ಅರಗಾವ್. ಚೀಟಿಯಲ್ಲಿ ಮಿಯಾಝ್ಯಾ ೩. ಸರಿಯಾದ ದಿನ ತಾಹ್ಸಾಸ್ ೧೧. ಬಂದದ್ದು ಯೆಕಾತಿತ್ ೬.

ಗೆತೆ ಮೊಲ್ಲಾ. ಚೀಟಿಯಲ್ಲಿ ಗಿನ್ಬೋತ್ ೩. ಎರಡು ತಿಂಗಳ ಗುಳಿಗೆ ಕೊಟ್ಟಿತ್ತು. ಸರಿಯಾದ ದಿನ ತಿರ್ ೧೧. ಬಂದದ್ದು ಯೆಕಾತಿತ್ ೬.

ಲಕ್ಯೆ ದೆಸ್ತಾ. ಚೀಟಿಯಲ್ಲಿ ಮಿಯಾಝ್ಯಾ ೪. ಸರಿಯಾದ ದಿನ ತಾಹ್ಸಾಸ್ ೧೨. ಮಗಳ ಊರಿಗೆ ಹೋಗಿದ್ದಾರೆ. ಗುಳಿಗೆ ಕಳುಹಿಸಿದ್ದು ಯೆಕಾತಿತ್ ೮.

ಬಿರ್ತುಕಾನ್ ಅಸ್ರೆಸ್. ಚೀಟಿಯಲ್ಲಿ ಮಿಯಾಝ್ಯಾ ೪. ಸರಿಯಾದ ದಿನ ತಾಹ್ಸಾಸ್ ೧೨. ಕೈ ಸುಟ್ಟದ್ದು ತಿರ್ ೧೮. ಬಂದದ್ದು ಯೆಕಾತಿತ್ ೫.

ಜೆನೆಬೆ ಅದ್ಮಾಸು. ದೆಸ್ಸಿ ಬಿಟ್ಟದ್ದು ತಿರ್ ೧೧ ಎಂದು ಬರೆದಿರುವೆ. ಹಬ್ಬದ ದಿನ ಬಸ್ಸು ಹೊರಡಲಿಲ್ಲ. ಸರಿಯಾದ ದಿನ ತಿರ್ ೧೨, ೧೯೮೭; ಬೆಳಗಿನ ಮೊದಲ ಬಸ್ಸು, ಎಡಬದಿಯ ಮೂರನೆಯ ಕಿಟಕಿ. ಬಂದಿದ್ದೆ. ಜನರ ನಡುವೆ ನಿಂತು ಮೆಲ್ಲಗೆ ಕರೆದೆ. ಷರಾ ಬರೆದದ್ದು ತಿರ್ ೧೩.